ಯಾರ ಮೇಲೂ ಅಲ್ಲದ ಬೇಜಾರು

ಆ ಮನೆಯಲ್ಲಿ ಬೇಜಾರು ಎಂದರೆ ಅದಕ್ಕೊಂದು ವಿಳಾಸ ಇರಲೇಬೇಕಿತ್ತು. ಯಾರಾದರೂ ಮುಖ ಊದಿಸಿಕೊಂಡು ಊಟಕ್ಕೆ ಕೂತರೆ ಉಳಿದವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾರ ಮೇಲೆ?" ಮಗಳ ಮೇಲೆ ಎಂದರೆ ಮಗಳನ್ನು ಕರೆದು ವಿಚಾರಣೆ, ಗಂಡನ ಮೇಲೆ ಎಂದರೆ ಗಂಡನಿಗೆ ಮಂಗಳಾರತಿ. ಅನ್ನ ಆರುವುದರೊಳಗೆ ತೀರ್ಪು. ತಟ್ಟೆ ತೊಳೆಯುವ ಹೊತ್ತಿಗೆ ಎಲ್ಲ ಮರೆತುಹೋಗಿರುತ್ತಿತ್ತು. ಒಳಗೊಂದು ಹೊರಗೊಂದು ಇಟ್ಟುಕೊಳ್ಳುವ ಪೈಕಿ ತಾವಲ್ಲ ಎಂದು ಆ ಮನೆಯವರಿಗೆ ಜಂಬವಿತ್ತು. ಜಂಬ ಪಡುವಂಥದ್ದೇ ಅನ್ನಿ. ಅದೇ ಬೀದಿಯಲ್ಲಿ ವರ್ಷಗಟ್ಟಲೆ ಮಾತು ಬಿಟ್ಟು ಒಂದೇ ಪಾತ್ರೆಯ ಅನ್ನ ಉಣ್ಣುವ ಮನೆಗಳೂ ಇದ್ದವು.

ಮನೆಯ ಮುಂದಿನ ಕೋಣೆಯೇ ಇಸ್ತ್ರಿ ಅಂಗಡಿ. ಒಳಗೆ ಹೋಗಬೇಕಾದರೆ ನೇತುಹಾಕಿದ ಅಂಗಿಗಳ ನಡುವೆ ತಲೆ ತಗ್ಗಿಸಿ ನುಸುಳಬೇಕು. ಅಂಗಡಿಯನ್ನು ಕಟ್ಟಿ ನಿಲ್ಲಿಸಿದವಳು ಮನೆಯ ಹಿರಿಯಳು. ಬೀದಿಗೆಲ್ಲ ಅವಳು ಇಸ್ತ್ರಿಯಮ್ಮ. ಸ್ತ್ರೀ ಇಲ್ಲದೆ ಇಸ್ತ್ರಿ ಇಲ್ಲ ಎಂದು ಅವಳ ಗಂಡ ಬದುಕಿದ್ದಾಗ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದ. ಗಿರಾಕಿಗಳು ನಕ್ಕರೋ ಬಿಟ್ಟರೋ, ಹೆಸರು ಮಾತ್ರ ನಿಂತುಹೋಯಿತು. ಅವಳ ಕಾಲರ್ ಎಂದರೆ ಅದೊಂದು ಕಾಲರ್. ಎರಡು ತುದಿಯಿಂದ ಒಳಕ್ಕೆ ಒತ್ತುತ್ತ ಬಂದು, ನಡುವೆ ಒಂದು ಗೆರೆಯೂ ಬೀಳದಂತೆ ಮಡಿಸುತ್ತಿದ್ದಳು. ಕೆಲಸದ ಸಂದರ್ಶನಕ್ಕೆ ಹೊರಟ ಹುಡುಗರು ಅಮ್ಮನೇ ಕಾಲರ್ ಮಾಡಿಕೊಡಲಿ ಎಂದು ಕಾದು ನಿಂತು ಒಯ್ಯುತ್ತಿದ್ದರು.

ಆಮೇಲೆ ಸಕ್ಕರೆ ಕಾಯಿಲೆ ಬಂತು, ಅದರ ಬೆನ್ನಿಗೇ ಬಲಭುಜ ಹಿಡಿದುಕೊಂಡಿತು. ಸಕ್ಕರೆ ಇರುವವರಿಗೆ ಹೀಗೆ ಭುಜ ಬಿಗಿಯುವುದುಂಟು, ನಿಧಾನಕ್ಕೆ ಬಿಡುತ್ತದೆ, ವ್ಯಾಯಾಮ ಮಾಡಿ ಎಂದರು ಡಾಕ್ಟರು. ಕೈ ಎದೆಯ ಎತ್ತರಕ್ಕೂ ಏಳದಾಯಿತು. ಆಗ ಆ ಮನೆ, ಪ್ರೀತಿಯಿರುವ ಮನೆಗಳು ಮಾಡುವುದನ್ನೇ ಮಾಡಿತು. "ನೀವು ಕೂತ್ಕೊಳ್ಳಿ" ಎಂದಿತು. ಅವಳು ತರಕಾರಿ ಹೆಚ್ಚಲು ಚಾಕು ಹಿಡಿದರೆ ಸೊಸೆ ಕಸಿದುಕೊಂಡು ಕೂತ್ಕೊಳ್ಳಿ ಅತ್ತೆ ಎನ್ನುತ್ತಿದ್ದಳು. ಅಂಗಡಿಗೆ ಇಣುಕಿದರೆ ಮಗ ಕುರ್ಚಿ ಎಳೆದು ಕೂತ್ಕೋಮ್ಮ ಎನ್ನುತ್ತಿದ್ದ. ಅವಳ ಹಳೆಯ ಮೇಜು ಕಣ್ಣಿಗೆ ಬಿದ್ದರೆ ಸುಮ್ಮನೆ ಕೈ ತುರಿಸೀತು ಎಂದು ಅದನ್ನು ಹಿತ್ತಿಲಿಗೆ ಸಾಗಿಸಿ, ಆ ಜಾಗದಲ್ಲಿ ಹಬೆ ಬಿಡುವ ಹೊಸ ಯಂತ್ರ ತಂದಿಟ್ಟ. ಅತ್ತೆಯಿಂದ ಒಂದು ಲೋಟ ಎತ್ತಿಸುವುದಿಲ್ಲವಂತೆ, ಸೊಸೆ ಎಂದರೆ ಹೀಗಿರಬೇಕು ಎಂದು ಬೀದಿಯೆಲ್ಲ ಹೊಗಳಿತು. ಸೊಸೆ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ದಿನವಿಡೀ ನಿಂತು ಬಂದು, ಮನೆಯಲ್ಲೂ ನಿಂತೇ ಕೆಲಸ ಮಾಡುವವಳು. ಆ ಹೊಗಳಿಕೆ ಅವಳಿಗೆ ನ್ಯಾಯವಾಗಿಯೇ ಸಲ್ಲಬೇಕಿತ್ತು.

ಇಸ್ತ್ರಿಯಮ್ಮ ಕೂತಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಮೊದಲು ರೇಡಿಯೋ ಕೇಳುತ್ತಿದ್ದಳು. ಆಮೇಲೆ ರೇಡಿಯೋ ಹಾಡುತ್ತಿತ್ತು, ಅವಳು ಕೇಳುತ್ತಿರಲಿಲ್ಲ. ಆಮೇಲೆ ಅದನ್ನು ಹಾಕುವುದನ್ನೇ ಬಿಟ್ಟಳು. ಹೇಗಿದ್ದೀಯ ಎಂದು ಯಾರು ಕೇಳಿದರೂ ಪರವಾಗಿಲ್ಲ ಎನ್ನುತ್ತಿದ್ದಳು.

ಬೀದಿಯ ಕೊನೆಯಲ್ಲಿ ಆರೋಗ್ಯ ಕೇಂದ್ರ. ಸಕ್ಕರೆ ಪರೀಕ್ಷೆಗೆ ಸೊಸೆ ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಹೋದಳು. ರಕ್ತ ತೆಗೆದದ್ದಾಯಿತು, ತೂಕ ನೋಡಿದ್ದಾಯಿತು, ಪಾದ ಮುಟ್ಟಿ ಸ್ಪರ್ಶ ತಿಳಿಯುತ್ತದಾ ಎಂದು ಕೇಳಿದ್ದಾಯಿತು. ಕೊನೆಗೆ ಸಿಸ್ಟರ್ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು.

"ಇನ್ನೆರಡು ಪ್ರಶ್ನೆ ಅಮ್ಮ. ಸಕ್ಕರೆ ಇರೋರನ್ನೆಲ್ಲ ಕೇಳ್ತೀವಿ, ಬೇಜಾರು ಮಾಡ್ಕೋಬೇಡಿ. ಈ ಎರಡು ವಾರದಲ್ಲಿ ಮನಸ್ಸಿಗೆ ಬೇಜಾರು ಅನಿಸಿದೆಯಾ?"

ಇಸ್ತ್ರಿಯಮ್ಮ ತಕ್ಷಣ ಪರವಾಗಿಲ್ಲ ಎನ್ನಲಿಲ್ಲ. ಸಿಸ್ಟರ್ ಕುತ್ತಿಗೆಯ ಕಡೆ ನೋಡಿ, "ಇದೆ" ಎಂದಳು.

"ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ?"

"ನಿಮ್ಮ ಕೋಟಿನ ಕಾಲರ್ ನೋಡಿ. ಎಡಗಡೆ ಮಡಿಕೆ ತಪ್ಪಿದೆ. ಮೊದಲಾಗಿದ್ರೆ ಬಿಚ್ಚಿ ಕೊಡಿ ಇಲ್ಲಿ ಅಂತ ಇಸ್ಕೊಂಡು ಹೋಗಿ ಸರಿ ಮಾಡಿ ತಂದು ಕೊಡ್ತಿದ್ದೆ. ಈಗ ಕಾಣುತ್ತೆ, ಆದ್ರೆ ಏನೂ ಅನಿಸೋದಿಲ್ಲ."

ಸಿಸ್ಟರ್ ಕಾಲರ್ ಮುಟ್ಟಿ ನೋಡಿಕೊಂಡಳು. ನಗಲಿಲ್ಲ. ಇನ್ನೂ ಒಂದಷ್ಟು ಕೇಳಿ, ಡಾಕ್ಟರ ಹತ್ತಿರ ಮಾತಾಡಿ ಬಂದು ವಿವರಿಸಿದಳು. ಇದು ಕಾಯಿಲೆ ಅಲ್ಲ, ಇದಕ್ಕೆ ಮಾತ್ರೆ ಬೇಡ. ಆದರೆ ಹೀಗೇ ಬಿಟ್ಟರೆ ಕಾಯಿಲೆಯಾಗಿ ಕೂರಬಹುದು, ಸಕ್ಕರೆಯನ್ನೂ ಕೆಡಿಸಬಹುದು. ಹಾಗಾಗದಂತೆ ಈಗಲೇ ನೋಡಿಕೊಳ್ಳಬೇಕು. ಪ್ರತಿ ಗುರುವಾರ ಮಧ್ಯಾಹ್ನ ಇಂಥವರು ಕೆಲವರು ಇಲ್ಲೇ ಸೇರುತ್ತಾರೆ, ನೀವೂ ಬನ್ನಿ ಎಂದಳು.

ಔಷಧಿ ಚೀಲ ಹಿಡಿದು ಹಿಂದೆ ನಿಂತಿದ್ದ ಸೊಸೆಯ ಮನಸ್ಸಿಗೆ ಇದ್ಯಾವುದೂ ಇಳಿಯಲಿಲ್ಲ. ಅವಳಿಗೆ ತಟ್ಟಿದ್ದು ಒಂದೇ ಮಾತು. ಅತ್ತೆಗೆ ಬೇಜಾರಿದೆ, ಅದನ್ನು ಹೊರಗಿನವರ ಮುಂದೆ ಹೇಳಿದರು.

ಸಂಜೆಯ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಸೊಪ್ಪು. ಸೌಟು ಪಾತ್ರೆಗೆ ಬಡಿಯುವ ಸದ್ದಿನಲ್ಲೇ ವಿಷಯ ಇದೆ ಎಂದು ಎಲ್ಲರಿಗೂ ತಿಳಿಯಿತು. ಏನಾಯ್ತು ಎಂದು ಕೇಳುವ ತಪ್ಪನ್ನು ಮಗ ಮಾಡಿದ.

"ನನ್ನನ್ನೇನು ಕೇಳ್ತೀರಿ, ನಿಮ್ಮಮ್ಮನ್ನ ಕೇಳಿ. ಅವರಿಗೆ ಬೇಜಾರಂತೆ. ಸಿಸ್ಟರ್ ಮುಂದೆ ಹೇಳಿದ್ರು."

ಮಗ ತಾಯಿಯ ಕಡೆ ತಿರುಗಿದ. "ಯಾರ ಮೇಲಮ್ಮ?"

"ಯಾರ ಮೇಲೂ ಅಲ್ಲ."

ಇಲ್ಲಿಯೇ ಎಡವಟ್ಟಾದದ್ದು. ನನಗ್ಯಾರ ಮೇಲೂ ಬೇಜಾರಿಲ್ಲಪ್ಪ ಎಂದು ಯಾರಾದರೂ ಹೇಳಿದರೆ ಎದುರಿಗಿರುವವರು ಹುಷಾರಾಗಬೇಕು, ಅದು ಲೋಕಕ್ಕೇ ಗೊತ್ತಿರುವ ಸಂಗತಿ. ಆ ಮಾತಿಗೆ ನಿಮ್ಮೆಲ್ಲರ ಮೇಲೂ ಬೇಜಾರಿದೆ ಎಂದೇ ಅರ್ಥ. ಇಸ್ತ್ರಿಯಮ್ಮ ನಿಜವನ್ನೇ ಹೇಳಿದ್ದಳು. ಪಾಪ, ಅದನ್ನು ಹೇಳಲು ಅವಳಿಗೆ ಸಿಕ್ಕ ಮಾತು ಸುಳ್ಳು ಹೇಳುವವರು ಸವೆಸಿಬಿಟ್ಟ ಮಾತಾಗಿತ್ತು.

"ಹೇಳಿ ಅತ್ತೆ, ಒಂದು ಲೋಟ ತೊಳೆಯೋಕೆ ಬಿಟ್ಟಿದ್ದೀನಾ ನಿಮ್ಮನ್ನ?" ಎಂದಳು ಸೊಸೆ. ಅವಳ ಕಣ್ಣು ತುಂಬಿತ್ತು.

"ಬಿಟ್ಟಿಲ್ಲ" ಎಂದಳು ಇಸ್ತ್ರಿಯಮ್ಮ.

ಸಿಸ್ಟರ್ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಅದೇ ಆಗಿತ್ತು. ಮನೆಯವರು ಅದನ್ನು ಸೊಸೆಗೆ ಕೊಟ್ಟ ಪ್ರಮಾಣಪತ್ರ ಎಂದುಕೊಂಡರು. ಸಿಸ್ಟರ್ ಹೇಳಿದ ಉಳಿದದ್ದನ್ನೂ ಸೊಸೆ ಒಪ್ಪಿಸಿದ ಮೇಲೆ ಮಗ ತೀರ್ಪು ಕೊಟ್ಟುಬಿಟ್ಟ. ಕಾಯಿಲೆ ಇಲ್ಲ ಎಂದು ಅವರೇ ಹೇಳಿದ ಮೇಲೆ ಗುರುವಾರ ಗುರುವಾರ ಅಲ್ಲಿಗೆ ಹೋಗುವುದು ಯಾಕೆ? ನೋಡಿದವರು ಇಸ್ತ್ರಿಯಮ್ಮನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ, ಇಲ್ಲವಾದರೆ ಮಗ ಸೊಸೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎನ್ನುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂದು ಅವನಿಗೇ ಗೊತ್ತಿರಲಿಲ್ಲ. ಹೋಗುವುದು ಬೇಡ ಎಂದ.

ಮುಂದಿನ ದಿನಗಳಲ್ಲಿ ಆ ಮನೆ ಒಂದು ವಿಚಿತ್ರ ಕೋರ್ಟಿನಂತಾಯಿತು. ದೂರು ಕೊಟ್ಟವರಿಲ್ಲ, ಆರೋಪಿಗಳು ಮಾತ್ರ ಒಬ್ಬೊಬ್ಬರಾಗಿ ಬಂದು ಶರಣಾಗುತ್ತಿದ್ದರು. ಡಾಕ್ಟರು ಹೇಳಿದರೆಂದು ಉಪ್ಪು ಕಡಿಮೆ ಹಾಕುತ್ತಿದ್ದದ್ದಕ್ಕೆ ಅತ್ತೆಗೆ ಬೇಜಾರು ಎಂದು ಸೊಸೆ ನಿಶ್ಚಯಿಸಿಕೊಂಡು, ಒಂದು ದಿನ ಉಪ್ಪು ಸುರಿದು ಅಡುಗೆ ಮಾಡಿದಳು. ಯಾರೂ ಉಣ್ಣಲಾಗಲಿಲ್ಲ. ಮೇಜನ್ನು ಹಿತ್ತಿಲಿಗೆ ಹಾಕಿದ್ದಕ್ಕಿರಬೇಕು ಎಂದು ಮಗ ಅದನ್ನು ಒರೆಸಿ ಒಳಗೆ ತಂದು, ಅದರ ಮೇಲೆ ಹೂದಾನಿ ಇಟ್ಟು ಅಮ್ಮನ ಕುರ್ಚಿಯ ಪಕ್ಕ ನಿಲ್ಲಿಸಿದ. ಕಾಲೇಜಿಗೆ ಹೋಗುವ ಮೊಮ್ಮಗಳು, ಪುಟ್ಟಿ, ಬೆಳಗ್ಗೆ ಗಡಿಬಿಡಿಯಲ್ಲಿ ಹೇಳಿ ಹೋಗುವುದಿಲ್ಲವೆಂದು ಅಜ್ಜಿಗೆ ಬೇಜಾರಿರಬಹುದು ಎಂದುಕೊಂಡು, ಬಾಗಿಲ ತನಕ ಹೋದವಳು ವಾಪಸು ಬಂದು ಹೋಗಿಬರ್ತೀನಿ ಎಂದು ಕೂಗಿ, ಬಸ್ಸು ತಪ್ಪಿಸಿಕೊಂಡಳು. ಇಸ್ತ್ರಿಯಮ್ಮ ಎಲ್ಲರಿಗೂ ಪರವಾಗಿಲ್ಲ ಎಂದಳು. ಹೂದಾನಿಯನ್ನು ನೋಡಲೂ ಇಲ್ಲ.

ಗುರುವಾರ ಬಂತು, ಹೋಯಿತು. ಮರುದಿನ ಸಿಸ್ಟರ್ ಫೋನ್ ಮಾಡಿದಳು. ಮಗನೇ ಎತ್ತಿಕೊಂಡು ಅಮ್ಮ ಚೆನ್ನಾಗಿದ್ದಾರೆ, ಮಲಗಿದ್ದಾರೆ ಎಂದ. ಚೆನ್ನಾಗಿದ್ದರೆ ಇಷ್ಟು ಬಿಸಿಲೇರಿದ ಮೇಲೂ ಯಾಕೆ ಮಲಗಿದ್ದಾರೆ ಎಂದು ಅವಳು ಮೆಲ್ಲಗೆ ಕೇಳಿದಳು. ಅವನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ನಿಂತಲ್ಲೇ ನಿಂತಿತು. ಆ ಹೊತ್ತಿಗೆ ಒಬ್ಬರ ಪ್ಯಾಂಟು ಸ್ವಲ್ಪ ಕಂದಿತು. ಅಮ್ಮ ಈಗೀಗ ಬೆಳಗ್ಗೆಯೂ ಮಲಗುತ್ತಾಳೆ ಎನ್ನುವುದನ್ನು ಅವನು ಗಮನಿಸಿದ್ದೇ ಆಗ.

ಭಾನುವಾರ ಎರಡು ಬೀದಿ ಆಚೆಯಿಂದ ಇಸ್ತ್ರಿಯಮ್ಮನ ಹಿರಿಯ ಮಗಳು ಬಂದಳು. ಆಕೆ ಟೀಚರ್. ಮಾತಾಡಿದರೆ ಎದುರಿಗಿರುವವರಿಗೆಲ್ಲ ಬೆಂಚಿನ ಮೇಲೆ ನಿಂತ ಹಾಗೆ ಅನಿಸಬೇಕು, ಅಂಥ ಗಂಟಲು. ಸುದ್ದಿ ಹೇಗೋ ಅವಳ ಕಿವಿಗೆ ಬಿದ್ದಿತ್ತು. ಬಂದವಳು ನೀರು ಕುಡಿಯಲಿಲ್ಲ. ತಾಯಿಯ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬತೊಡಗಿದಳು.

"ಬೇಜಾರಿರೋ ಕಡೆ ನಮ್ಮಮ್ಮ ಯಾಕಿರಬೇಕು? ನಮ್ಮ ಮನೇಲಿ ರಾಣಿ ಹಾಗೆ ಕೂರಿಸ್ತೀನಿ."

"ಇಲ್ಲಿ ಏನು ನೆಲದ ಮೇಲೆ ಕೂರಿಸಿದ್ದೀವಾ ಅಕ್ಕ?" ಎಂದಳು ಸೊಸೆ. ಅವಳ ದನಿಯೂ ಏರಿತ್ತು. ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ನಾನು, ಮಾತ್ರೆ ಎಣಿಸಿ ಕೊಡುವವಳು ನಾನು, ಹೆಸರು ಮಾತ್ರ ಕೆಟ್ಟದ್ದು ನನಗೆ ಎಂದಳು. ಮಗ ಆ ಇಬ್ಬರ ನಡುವೆ ನಿಂತು ಯಾರ ಪರ ಮಾತಾಡಿದರೂ ಕೆಡುತ್ತದೆ ಎಂದು ಅಂಗಿಯ ಗುಂಡಿ ನೋಡಿಕೊಂಡ. ಅಮ್ಮನನ್ನು ಯಾರು ಹೆಚ್ಚು ಚೆನ್ನಾಗಿ ಕೂರಿಸುತ್ತಾರೆ ಎನ್ನುವುದರ ಮೇಲೆ ವಾದ ಬಹಳ ಹೊತ್ತು ನಡೆಯಿತು.

"ನಿಲ್ಲಿಸಿ" ಎಂದಳು ಇಸ್ತ್ರಿಯಮ್ಮ.

ಬಹಳ ದಿನದ ನಂತರ ಆ ದನಿ ಹೊರಗೆ ಬಂದಿತ್ತು. ಟೀಚರ್ ಕೂಡ ಬಾಯಿ ಮುಚ್ಚಿದಳು.

"ನನಗೆ ಜ್ವರ ಬಂದ್ರೆ ಯಾರ ಮೇಲೆ ಜ್ವರ ಅಂತ ಕೇಳ್ತೀರಾ?"

ನೀರು ಕುಡಿಯುತ್ತಿದ್ದ ಪುಟ್ಟಿಗೆ ಲೋಟದೊಳಗೇ ನಗು ಬಂದು ಕೆಮ್ಮು ಹತ್ತಿತು.

"ಬೇಜಾರಿದೆ. ಸೊಸೆ ಮೇಲಲ್ಲ, ಮಗನ ಮೇಲಲ್ಲ. ಸುಮ್ಮನೆ ಇದೆ. ಎದ್ದರೆ ಇರುತ್ತೆ, ಊಟಕ್ಕೆ ಕೂತರೆ ಇರುತ್ತೆ. ನಿಮ್ಮಪ್ಪ ಕೊನೆಗಾಲದಲ್ಲಿ ಇದೇ ಕಿಟಕಿ ಹತ್ರ ಕೂತ್ರು, ನೆನಪಿದೆಯಾ? ದಿನಾ ಕೇಳಿದ್ವಿ, ಯಾರ ಮೇಲೆ, ಯಾರ ಮೇಲೆ ಅಂತ. ಅವರಿಗೆ ಹೇಳೋಕೆ ಒಂದು ಹೆಸರು ಸಿಗಲಿಲ್ಲ. ಹೆಸರಿಲ್ಲ ಅಂದ್ಮೇಲೆ ಬೇಜಾರೂ ಇಲ್ಲ ಅಂತ ನಾವು ಸುಮ್ಮನಾದ್ವಿ. ನಾನು ಹಾಗೆ ಕೂರೋದಿಲ್ಲ."

ಅಪ್ಪ ಆ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದದ್ದು ಮಗನಿಗೂ ಮಗಳಿಗೂ ಒಟ್ಟಿಗೇ ನೆನಪಾಯಿತು. ಮಗನೇ ಕೊನೆಗೆ, ಆದರೂ ಅವರು ಇದು ಕಾಯಿಲೆ ಅಲ್ಲ ಅಂದರಲ್ಲ ಎಂದು ಗೊಣಗಿದ.

"ಅಂಗಿ ಒಗೆದ ಮೇಲೆ ಏನು ಮಾಡ್ತೀಯ ನೀನು? ಒದ್ದೆ ಇದ್ದಾಗಲೇ ಕೊಡವಿ ಹರವ್ತೀಯಾ, ಇಲ್ಲ ಬಕೆಟ್ಟಲ್ಲೇ ಮುದುರಿ ಒಣಗಲಿ, ಆಮೇಲೆ ಕಾಯಿಸಿ ಉಜ್ಜೋಣ ಅಂತೀಯಾ?"

"ಕೊಡವಿ ಹರವ್ತೀನಿ."

"ನಾನಿನ್ನೂ ಒದ್ದೆ ಇದ್ದೀನಿ. ಸಿಸ್ಟರ್ ಹೇಳಿದ್ದು ಅಷ್ಟೇ."

ಟೀಚರ್ ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ವಾಪಸು ಜೋಡಿಸಿಟ್ಟಳು. ಆಮೇಲೆ ನೀರು ಕೇಳಿ ಕುಡಿದಳು.

ಗುರುವಾರ ಬಂತು. ಮಗ ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹಿಂದಿನ ಬೀದಿಯಿಂದ ಹೋದರೆ ಬಿಸಿಲು ಕಡಿಮೆ ಎಂದ. ಆ ಬೀದಿಯಲ್ಲಿ ಬಿಸಿಲು ಕಡಿಮೆ ಇರಲಿಲ್ಲ, ಕಣ್ಣುಗಳು ಕಡಿಮೆ ಇದ್ದವು. ಸೊಸೆ ಅದನ್ನು ಕೇಳಿಸಿಕೊಂಡಳು. ಅವಳ ಜಾಯಮಾನವೇ ಬೇರೆ. ನೋವಾದರೆ ಅಳುತ್ತಾಳೆ, ಆದರೆ ಅತ್ತು ಮುಗಿದ ಮೇಲೆ ಅವಳನ್ನು ಹಿಡಿಯುವವರಿಲ್ಲ. ಕೌಂಟರಿಗೆ ಹೇಳಿ ಪಾಳಿ ಬದಲಾಯಿಸಿಕೊಂಡು ಬಂದಿದ್ದಳು. ಒಳ್ಳೆಯ ಸೀರೆ ಉಟ್ಟಳು, ಅತ್ತೆಗೂ ಒಳ್ಳೆಯದನ್ನೇ ಉಡಿಸಿದಳು, ಮುಂದಿನ ಬಾಗಿಲಿನಿಂದಲೇ ಹೊರಟಳು.

ಎದುರುಮನೆಯಾಕೆ ಜಗುಲಿಯ ಮೇಲಿಂದಲೇ ಎಲ್ಲಿಗೆ ಹೊರಟಿರಿ ಅತ್ತೆ ಸೊಸೆ ಎಂದು ಕೇಳಿದಳು.

"ನಮ್ಮತ್ತೆಗೆ ಬೇಜಾರಿದೆ, ತೋರಿಸೋಕೆ ಹೋಗ್ತಿದ್ದೀವಿ" ಎಂದಳು ಸೊಸೆ, ಅಂಗಡಿಯೊಳಗಿದ್ದ ಗಂಡನಿಗೂ ಕೇಳುವಷ್ಟು ಗಟ್ಟಿಯಾಗಿ.

"ಅಯ್ಯೋ ಪಾಪ, ಯಾರ ಮೇಲೆ?"

"ಯಾರ ಮೇಲೂ ಇಲ್ಲ. ಸಕ್ಕರೆ ಇಲ್ವಾ, ಹಾಗೇ ಇದೂ ಇದೆ. ನಿಮಗೂ ಸಕ್ಕರೆ ಇದೆಯಲ್ಲ, ನೀವೂ ತೋರಿಸ್ಕೊಂಡು ಬನ್ನಿ ಒಂದ್ಸಲ."

ಇಸ್ತ್ರಿಯಮ್ಮ ಸೊಸೆಯ ತೋಳು ಹಿಡಿದು ಬೀದಿಯ ನಡುಮಧ್ಯೆ ನಡೆದಳು. ಅಂಗಡಿಯಲ್ಲಿ ಮಗ ಹಬೆಯ ಯಂತ್ರ ಆರಿಸಿ, ಕಾಣುವಷ್ಟು ದೂರ ಅವರನ್ನು ನೋಡುತ್ತ ನಿಂತ. ನಾಚಿಕೆ ಆಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಅವರಿಬ್ಬರ ನಡಿಗೆ ಹಾಗಿತ್ತು.

ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಎದೆಯ ಆಪರೇಷನ್ ಆದ ಲಾರಿ ಡ್ರೈವರ್ ಇದ್ದ, ಹೊಸ ಮಗುವಿನ ತಾಯಿ ಇದ್ದಳು, ಮಂಡಿ ಸವೆದ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದ, ಇನ್ನೂ ಕೆಲವರಿದ್ದರು. ಅಲ್ಲಿ ಯಾರೂ ದೊಡ್ಡ ಮಾತು ಆಡಲಿಲ್ಲ. ಕೈಬಿಟ್ಟುಹೋದ ಕೆಲಸದಲ್ಲಿ ಒಂದು ಚೂರನ್ನು ಆರಿಸಿಕೊಳ್ಳಿ, ಮೈಗೆ ಆಗುವಷ್ಟು ಮಾತ್ರ, ಮುಂದಿನ ವಾರ ಬಂದು ಹೇಗಾಯಿತು ಹೇಳಿ ಎಂದಳು ಸಿಸ್ಟರ್. ಇನ್ನು ಲಾರಿ ಓಡಿಸುವ ಹಾಗಿಲ್ಲದ ಡ್ರೈವರ್ ಬೆಳಗ್ಗೆ ಲಾರಿಯ ಗಾಜು ಒರೆಸುತ್ತೇನೆ ಎಂದ. ಇಸ್ತ್ರಿಯಮ್ಮ ಕಾಲರ್ ಎಂದಳು. ಅಂಗಿ ಅಲ್ಲ, ಕಾಲರ್ ಮಾತ್ರ.

ಮನೆಗೆ ಬಂದು ಅವಳು ಮೊದಲು ಮಾಡಿದ್ದು ಹಳೆಯ ಮೇಜಿನ ಮೇಲಿಂದ ಹೂದಾನಿ ಇಳಿಸಿದ್ದು. ಮಗ ಹೌಹಾರಿದ. ಕೈಲಾಗದ ತಾಯಿಯಿಂದ ದುಡಿಸುತ್ತಿದ್ದಾನೆ ಎಂದು ಗಿರಾಕಿಗಳು ಆಡಿಕೊಳ್ಳುವುದಿಲ್ಲವೇ ಎಂದ. ಆಡಿಕೊಳ್ಳುವವರು ಅಂಗಿ ಬೇರೆ ಕಡೆ ಕೊಡಲಿ ಎಂದಳು ಅವಳು. ಪುಟ್ಟಿ ಪ್ರವಾಸಕ್ಕೆ ಒಯ್ಯುವ ಪುಟಾಣಿ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟಳು. ಅದನ್ನು ಎಡಗೈಯಲ್ಲಿ ಹಿಡಿಯಬಹುದಿತ್ತು. ಶಾಲೆಮಕ್ಕಳ ಅಂಗಿಗಳು ಅವಳ ಪಾಲಿಗೆ ಬಂದವು. ಎಡಗೈಗೆ ಗೊತ್ತಿಲ್ಲದ ಕೆಲಸ. ಮೊದಲ ಕಾಲರ್‌ಗಳು ಸೊಟ್ಟಗಾದವು. ಅವಳೇ ಛೀ ಎಂದು ನೀರು ಚಿಮುಕಿಸಿ ಮತ್ತೆ ಮಾಡಿದಳು.

ಒಂದು ದಿನ ಲೋಟ ತೊಳೆಯಲು ಹೋಗಿ ಒಡೆದಳು. ಸೊಸೆಯ ತುಟಿಯ ತನಕ ಕೂತ್ಕೊಳ್ಳಿ ಅತ್ತೆ ಎನ್ನುವ ಮಾತು ಬಂತು. ಅದನ್ನು ನುಂಗಿಕೊಂಡು ಪೊರಕೆ ತಂದಳು. ಆಮೇಲೆ ಗಾಜಿನ ಲೋಟಗಳನ್ನು ಮೇಲಿಟ್ಟು ಸ್ಟೀಲಿನವನ್ನು ಕೆಳಗಿಟ್ಟಳು. ಬೀದಿಯಲ್ಲಿ ಅವಳ ಹೆಸರಿಗೆ ಸ್ವಲ್ಪ ಮುಕ್ಕು ಬಂದಿತ್ತು. ಅತ್ತೆಯ ಕೈಲಿ ಪಾತ್ರೆ ತೊಳೆಸುತ್ತಾಳಂತೆ ಎಂದು ಕೆಲವರು ಹೇಳಿದರು. ಅವಳು ಹೂಂ, ತೊಳೆಸ್ತೀನಿ ಎಂದಳು.

ಎಲ್ಲ ಒಂದೇ ಸಲಕ್ಕೆ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಬೆಳಗುಗಳಲ್ಲಿ ಇಸ್ತ್ರಿಯಮ್ಮ ಎದ್ದು ಕೂತು, ಇವತ್ತು ಇದೆ ಎನ್ನುತ್ತಿದ್ದಳು, ಇವತ್ತು ಭುಜ ನೋಯುತ್ತಿದೆ ಎನ್ನುವ ಹಾಗೆ. ಹೌದಾ ಎಂದು ಕೇಳಿ, ಚಪ್ಪಲಿ ತಂದಿಟ್ಟು, ಯಾರಾದರೊಬ್ಬರು ಅವಳ ಜೊತೆ ಬೀದಿ ಕೊನೆಯ ತನಕ ನಡೆದು ಬರುವುದು ಆ ಮನೆಗೆ ರೂಢಿಯಾಯಿತು. ಜಗುಲಿಯ ಎದುರುಮನೆಯಾಕೆ ಒಂದು ಗುರುವಾರ ತಾನೂ ಸುಮ್ಮನೆ ಜೊತೆಗೆ ಬರುತ್ತೇನೆ ಎಂದು ಹೊರಟಳು. ಅವಳ ಕಣ್ಣು ನೋಡಿದರೆ ಸುಮ್ಮನೆ ಅಲ್ಲ ಎಂದು ತಿಳಿಯುತ್ತಿತ್ತು. ಯಾರೂ ಏನೂ ಕೇಳಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಮಗ ಮಡಿಸಿಟ್ಟ ಅಂಗಿಯೊಂದನ್ನು ಇಸ್ತ್ರಿಯಮ್ಮ ಎತ್ತಿ ನೋಡಿದಳು. ಕೈಪಟ್ಟಿ ಒಂದು ಕಡೆ, ತೋಳಿನ ಗೆರೆ ಇನ್ನೊಂದು ಕಡೆ. ಕಟ್ಟಿನಲ್ಲಿದ್ದ ಅಷ್ಟೂ ಅಂಗಿಗಳನ್ನು ಬಿಚ್ಚಿ ಅವನ ಮುಂದೆ ಹಾಕಿದಳು. ಇದನ್ನು ಗಿರಾಕಿಗೆ ಕೊಡುತ್ತೀಯಾ, ನಾನು ಸತ್ತಿದ್ದೀನಿ ಅಂದುಕೊಂಡೆಯಾ, ಇಷ್ಟು ವರ್ಷ ಕಲಿಸಿದ್ದು ಮಣ್ಣುಪಾಲಾಯಿತೇ ಎಂದು ಗಿರಾಕಿಗಳ ಎದುರಿಗೇ ಜಾಡಿಸಿದಳು. ಮಗ ತಲೆ ತಗ್ಗಿಸಿ ಕೇಳಿದ. ಆಮೇಲೆ ಅಂಗಿಗಳ ನಡುವಿಂದ ನುಸುಳಿ ಅಡುಗೆಮನೆಗೆ ಬಂದ. ಮುಖದ ತುಂಬ ನಗು.

"ಅಮ್ಮನಿಗೆ ನನ್ನ ಮೇಲೆ ಬೇಜಾರಾಗಿದೆ" ಎಂದ, ಬಹುಮಾನ ಬಂದವನ ಹಾಗೆ.

"ನಿಮ್ಮ ಮೇಲೇನಾ? ಖಂಡಿತಾ?" ಎಂದಳು ಸೊಸೆ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ಮನೆಯಲ್ಲಿ ಬೈಸಿಕೊಂಡು ಅಷ್ಟು ಹಿಗ್ಗಿದವರು ಅದಕ್ಕೆ ಮುಂಚೆ ಇರಲಿಲ್ಲ.

ಮುಂದಿನ ಗುರುವಾರ ಇಸ್ತ್ರಿಯಮ್ಮ ಸಿಸ್ಟರ್ ತೊಟ್ಟಿದ್ದ ಬಿಳಿ ಕೋಟನ್ನು ಬಿಚ್ಚಿಸಿ, ಕೈಚೀಲಕ್ಕೆ ಹಾಕಿಕೊಂಡು ಬಂದಳು. ಸರಿ ಮಾಡಿ ವಾಪಸು ಕೊಟ್ಟಾಗ ಸಿಸ್ಟರ್ ಅದನ್ನು ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡು, ಡಾಕ್ಟರಿಗೆ ತೋರಿಸಲು ಒಳಗೆ ಹೋದಳು. ಡಾಕ್ಟರೂ ತಮ್ಮದನ್ನು ಬಿಚ್ಚಿಕೊಟ್ಟರು.

ವಾರಗಳು ಕಳೆದವು. ಭುಜ ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಬಿಡತೊಡಗಿತು. ಒಂದು ಸಂಜೆ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಅಂಗಡಿ ಮುಚ್ಚಿ ಬಂದ ಮಗ ತಟ್ಟೆಯ ಮುಂದೆ ಕೂತ. ಅನ್ನವನ್ನು ಕಲಸಿದ, ಮತ್ತೆ ಕಲಸಿದ, ಬಾಯಿಗಿಡಲಿಲ್ಲ. ಆವತ್ತು ಬೆಳಗ್ಗೆ ಅವನು ರಕ್ತದೊತ್ತಡದ ಮಾತ್ರೆ ತರಲು ಆರೋಗ್ಯ ಕೇಂದ್ರಕ್ಕೆ ಹೋಗಿದ್ದ. ಸಿಸ್ಟರ್ ಅವನನ್ನೂ ಆ ಎರಡು ಪ್ರಶ್ನೆ ಕೇಳಿದ್ದಳು. ನನಗ್ಯಾಕಮ್ಮ ಬೇಜಾರು, ಅಮ್ಮ ಹುಷಾರಾಗಿದ್ದಾರಲ್ಲ ಎಂದು ನಕ್ಕು ಬಂದಿದ್ದ. ಆ ಪ್ರಶ್ನೆ ಮಾತ್ರ ಅವನ ಹಿಂದೆಯೇ ಮನೆಗೆ ಬಂದಿತ್ತು.

"ನನಗೂ ಸ್ವಲ್ಪ ಬೇಜಾರು" ಎಂದ, ತಟ್ಟೆಯನ್ನು ನೋಡುತ್ತ.

ಪುಟ್ಟಿ ಮೊಟ್ಟೆ ಸುಲಿಯುವುದನ್ನು ನಿಲ್ಲಿಸಿದಳು. ಮೂವರ ನಾಲಿಗೆಯ ತುದಿಗೂ ಹಳೆಯ ಪ್ರಶ್ನೆ ಬಂದು ನಿಂತಿತು. ಅದರಲ್ಲೂ ಸೊಸೆಗೆ. ಊಟದ ತಟ್ಟೆಯ ಮುಂದೆ ಕೂತು ಗಂಡ ಬೇಜಾರು ಎಂದರೆ, ಅದರಲ್ಲಿ ತನ್ನ ಹೆಸರು ಕೇಳಿಸದ ಹೆಂಡತಿ ಯಾರಿದ್ದಾಳೆ? ಅವಳ ಮುಖ ಒಂದು ಕ್ಷಣ ಕೆಂಪಾಯಿತು. ಸೌಟನ್ನು ಪಾತ್ರೆಯಲ್ಲಿ ಸದ್ದಾಗದಂತೆ ಇಟ್ಟಳು. ಗಂಡನ ಪಕ್ಕಕ್ಕೆ ಬಂದು ಕೂತಳು.

"ಯಾವಾಗಿಂದ?" ಎಂದು ಕೇಳಿದಳು.

ಇಸ್ತ್ರಿಯಮ್ಮ ಸೊಸೆಯ ಮುಖವನ್ನೇ ನೋಡಿದಳು. ಒಂದು ಜೀವಮಾನದಲ್ಲಿ ಅವಳು ಎಷ್ಟೋ ಅಂಗಿಗಳನ್ನು ಸರಿ ಮಾಡಿ ಕಳಿಸಿದ್ದಳು, ಎಷ್ಟೋ ಜನರಿಂದ ಭೇಷ್ ಅನಿಸಿಕೊಂಡಿದ್ದಳು. ಆ ಒಂದು ಮಾತು ಕೇಳಿ ಆದಷ್ಟು ಹೆಮ್ಮೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

"ಗೊತ್ತಿಲ್ಲ. ಸ್ವಲ್ಪ ದಿನದಿಂದ."

"ಹಾಗಾದ್ರೆ ಇನ್ನೂ ಒದ್ದೆ ಇದೆ. ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚು, ನನ್ನ ಜೊತೆ ಬಾ" ಎಂದಳು ಇಸ್ತ್ರಿಯಮ್ಮ. ಎದ್ದು ಬಂದು, ಬಲಗೈಯಲ್ಲೇ ಸೌಟು ಹಿಡಿದು, ಭುಜ ಏಳುವಷ್ಟೇ ಎತ್ತಿ, ಮಗನ ತಟ್ಟೆಗೆ ಬೇಳೆ ಬಡಿಸಿದಳು. ಎರಡು ಹನಿ ನೆಲಕ್ಕೆ ಬಿದ್ದವು.

ಯಾರೂ ಅವಳಿಗೆ ಕೂತ್ಕೊಳ್ಳಿ ಎನ್ನಲಿಲ್ಲ.